ಹಾಜರಿ ಪುಸ್ತಕದ ಧರ್ಮ

ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರವು ಜೈನ ಇತಿಹಾಸದಲ್ಲಿ ಎರಡು ಕಾರಣಗಳಿಂದ ಸ್ಮರಣೀಯವಾದ ಊರು. ಗುಣಭದ್ರಾಚಾರ್ಯರ ಉತ್ತರಪುರಾಣವು ಶಕ 820ರಲ್ಲಿ, ಎಂದರೆ ಕ್ರಿ.ಶ. 897–98ರಲ್ಲಿ, ಪೂಜೆಗೊಂಡ ಸಂಗತಿಯನ್ನು ಅವರ ಶಿಷ್ಯ ಲೋಕಸೇನರು ಗ್ರಂಥದ ಪ್ರಶಸ್ತಿಯಲ್ಲಿ ಬರೆದಿಟ್ಟಿದ್ದಾರೆ. ಆಗ ರಾಷ್ಟ್ರಕೂಟ ಚಕ್ರವರ್ತಿ ಎರಡನೆಯ ಕೃಷ್ಣನ ಸಾಮಂತನಾದ ಲೋಕಾದಿತ್ಯನು ಬಂಕಾಪುರದಲ್ಲಿದ್ದು ವನವಾಸಿ ನಾಡನ್ನು ಆಳುತ್ತಿದ್ದನು. ಊರಿಗೆ ಅವನ ತಂದೆ ಬಂಕೇಯನ ಹೆಸರು ಬಂದಿತ್ತು. ಮುಂದೆ 974ರ ಸುಮಾರಿಗೆ ಗಂಗದೊರೆ ಮಾರಸಿಂಹನು ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಇದೇ ಬಂಕಾಪುರದಲ್ಲಿ ಸಲ್ಲೇಖನ ವ್ರತವನ್ನು ಕೈಗೊಂಡು ದೇಹವಿಟ್ಟನೆಂಬುದನ್ನು ಶ್ರವಣಬೆಳಗೊಳದ ಕೂಗೆ ಬ್ರಹ್ಮದೇವರ ಕಂಬದ ಶಾಸನವು ತಿಳಿಸುತ್ತದೆ. ಒಂದು ಗ್ರಂಥದ ಬರಹ, ಇನ್ನೊಂದು ಕಲ್ಲಿನ ಬರಹ. ಬರೆದಿಟ್ಟವರಿಲ್ಲದಿದ್ದರೆ ಈ ಎರಡು ಘಟನೆಗಳೂ ಕಾಲಗರ್ಭದಲ್ಲಿ ಅಡಗಿಹೋಗುತ್ತಿದ್ದವು.

ಬರೆದಿಡುವ ಈ ಪದ್ಧತಿ ಕನ್ನಡ ನಾಡಿನಲ್ಲಿ ಎಷ್ಟು ಶಿಸ್ತಿನದಾಗಿತ್ತೆಂಬುದಕ್ಕೆ ದಾನಶಾಸನಗಳೇ ಸಾಕ್ಷಿ. ದಾನ ಕೊಟ್ಟವನು ಯಾರು, ಪಡೆದವನು ಯಾರು, ಭೂಮಿ ಎಷ್ಟು ಮತ್ತರು, ಅದರ ಎಲ್ಲೆಗಳಾವುವು, ದಿನ ತಿಥಿಗಳೇನು, ಸಾಕ್ಷಿಗಳಾರು, ಮಾತು ಮುರಿದವನಿಗೆ ಯಾವ ಪಾಪ ತಟ್ಟುತ್ತದೆ ಎಂಬುದೆಲ್ಲವೂ ಅವುಗಳಲ್ಲಿ ಕ್ರಮವಾಗಿ ಬರುತ್ತದೆ. ಕೆಲವೆಡೆ ಅಕ್ಷರ ಕಂಡರಿಸಿದ ರೂವಾರಿಯ ಹೆಸರೂ ದೊರೆಯುತ್ತದೆ. ಆದರೆ ಹಾನಗಲ್ಲಿನ ತಾರಕೇಶ್ವರ ದೇವಾಲಯದ ಕಲ್ಲನ್ನು ಗಣಿಯಿಂದ ಎಳೆದು ತಂದವರು, ಬಂಕಾಪುರದ ಕೋಟೆಯೊಳಗಿನ ಅರವತ್ತು ಕಂಬದ ಗುಡಿಯಲ್ಲಿ ಒಂದೊಂದು ಕಂಬವನ್ನೂ ಎತ್ತಿ ನಿಲ್ಲಿಸಿದವರು, ಹಿರೇಕೆರೂರು ಸೀಮೆಯ ಕೆರೆಗಳ ಏರಿಗೆ ಮಣ್ಣು ಹೊತ್ತವರು, ಇವರ ಹೆಸರನ್ನು ಹುಡುಕುವವನಿಗೆ ನಿರಾಶೆಯೇ ಗತಿ. ಕೊಟ್ಟವನ ಹೆಸರು ಉಳಿಯಿತು. ದುಡಿದವನ ಹೆಸರು ಉಳಿಯಲಿಲ್ಲ. ದುಡಿದವನ ಹೆಸರನ್ನೂ ಪುಸ್ತಕದಲ್ಲಿ ಬರೆಯಬೇಕು, ಬರೆಯದಿದ್ದರೆ ಅದು ಅಪರಾಧ ಎಂಬ ನಿಯಮ ಈ ನಾಡಿಗೆ ಬಂದದ್ದು ತೀರ ಈಚೆಗೆ. ಆ ನಿಯಮದ ಇತಿಹಾಸವನ್ನು ಅರಿಯುವುದು ಬಸದಿಯ ಜೀರ್ಣೋದ್ಧಾರ ಮಾಡಿಸುವ ಟ್ರಸ್ಟುಗಳಿಗೂ, ಗಿರಣಿ ಉಗ್ರಾಣಗಳನ್ನು ನಡೆಸುವ ಕುಟುಂಬಗಳಿಗೂ ಕೇವಲ ಕುತೂಹಲದ ವಿಷಯವಲ್ಲ.

ಧಾರವಾಡ ಜಿಲ್ಲೆಯ ದಿನಗೂಲಿಗಳು

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲ್ಲೂಕುಗಳು ಇಂದು ಹಾವೇರಿ ಜಿಲ್ಲೆಯಲ್ಲಿವೆ. 1997ರ ಆಗಸ್ಟ್ 24ರಂದು ಹಾವೇರಿ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಇವೆಲ್ಲ ಧಾರವಾಡ ಜಿಲ್ಲೆಯ ಭಾಗಗಳಾಗಿದ್ದವು. ಆ ಅವಿಭಜಿತ ಧಾರವಾಡ ಜಿಲ್ಲೆಯ ಹೆಸರು ಭಾರತದ ಕಾರ್ಮಿಕ ನ್ಯಾಯದ ಚರಿತ್ರೆಯಲ್ಲಿ ಒಂದು ಮುಖ್ಯ ತೀರ್ಪಿನೊಡನೆ ಸೇರಿಕೊಂಡಿದೆ. ಧಾರವಾಡ ಜಿಲ್ಲೆಯ ಲೋಕೋಪಯೋಗಿ ಇಲಾಖೆಯ ಅಕ್ಷರಸ್ಥ ದಿನಗೂಲಿ ನೌಕರರ ಸಂಘವು ಕರ್ನಾಟಕ ಸರ್ಕಾರದ ವಿರುದ್ಧ ಸರ್ವೋಚ್ಚ ನ್ಯಾಯಾಲಯದ ಬಾಗಿಲು ತಟ್ಟಿತು. 1990ರ ಫೆಬ್ರುವರಿ 23ರಂದು ನ್ಯಾಯಾಲಯವು ತೀರ್ಪು ನೀಡಿತು.

ರಸ್ತೆ, ಸೇತುವೆ, ಸರ್ಕಾರಿ ಕಟ್ಟಡಗಳ ಕೆಲಸಕ್ಕೆ ಇಲಾಖೆಯು ಜನರನ್ನು ದಿನದ ಲೆಕ್ಕದಲ್ಲಿ ತೆಗೆದುಕೊಳ್ಳುತ್ತಿತ್ತು. ಹೆಸರಿಗೆ ದಿನದ ಕೆಲಸ. ವಾಸ್ತವದಲ್ಲಿ ವರ್ಷಗಟ್ಟಲೆಯ ದುಡಿಮೆ. ರಾಜ್ಯದ ನಾನಾ ಇಲಾಖೆಗಳಲ್ಲಿ ಇಂಥವರ ಸಂಖ್ಯೆ ಸುಮಾರು 50,000 ಎಂಬುದು ನ್ಯಾಯಾಲಯದ ಮುಂದೆ ಬಂದಿತು. ಖಾಯಂ ನೌಕರನ ಪಕ್ಕದಲ್ಲಿ ನಿಂತು ಅದೇ ಕೆಲಸವನ್ನು ಮಾಡುವವನಿಗೆ ಸಂಬಳ ಕಡಿಮೆ, ರಜೆಯಿಲ್ಲ, ನಾಳೆಯ ಭರವಸೆಯಿಲ್ಲ. ನ್ಯಾಯಾಲಯವು ಸರ್ಕಾರದ ಯೋಜನೆಯನ್ನು ಪರಿಶೀಲಿಸಿ, ತಿದ್ದಿ, ಕಾಲಮಿತಿಯನ್ನು ವಿಧಿಸಿತು. 1984ರ ಜುಲೈ 1ರಂದು ಅಥವಾ ಅದಕ್ಕೆ ಮೊದಲು ಕೆಲಸಕ್ಕೆ ಸೇರಿದವರನ್ನು 1990ರ ಜನವರಿ 1ರಿಂದ ತಿಂಗಳ ಸಂಬಳದವರೆಂದು ಪರಿಗಣಿಸಿ 780 ರೂಪಾಯಿ ಕೊಡಬೇಕು. ಹತ್ತು ವರ್ಷ ಪೂರೈಸಿದವರಲ್ಲಿ ಸೇವಾಹಿರಿತನ ಮತ್ತು ಅರ್ಹತೆಯನ್ನು ನೋಡಿ 18,600 ಮಂದಿಯನ್ನು ಅದೇ ದಿನದಿಂದ ಖಾಯಂಗೊಳಿಸಬೇಕು. ಉಳಿದವರನ್ನು ಹಂತಹಂತವಾಗಿ ಸೇರಿಸಿಕೊಂಡು 1997ರ ಕೊನೆಯೊಳಗೆ ಮುಗಿಸಬೇಕು ಎಂಬುದು ಆಜ್ಞೆಯ ಸಾರ.

ಈ ಆಜ್ಞೆಯನ್ನು ಸಾವಧಾನವಾಗಿ ಓದಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಅದರಲ್ಲಿ ಬರುವ ಪ್ರತಿಯೊಂದು ಪದವೂ ಒಂದು ತಾರೀಖನ್ನು ಕೇಳುತ್ತದೆ. ಯಾವ ದಿನ ಸೇರಿದೆ? ಎಷ್ಟು ವರ್ಷ ದುಡಿದೆ? ನಿನಗಿಂತ ಮೊದಲು ಬಂದವನು ಯಾರು? ಇವಕ್ಕೆ ಉತ್ತರ ದುಡಿದವನ ಬೆನ್ನಿನಲ್ಲಿ ಬರೆದಿರುವುದಿಲ್ಲ. ಕಚೇರಿಯ ಮಸ್ಟರ್ ರೋಲಿನಲ್ಲಿ, ಬಟವಾಡೆಯ ಪಟ್ಟಿಯಲ್ಲಿ ಬರೆದಿರಬೇಕು. ಹಾಜರಿಯನ್ನು ಪ್ರಾಮಾಣಿಕವಾಗಿ ಬರೆದು ಕಾದಿರಿಸಿದ ಗುಮಾಸ್ತನೊಬ್ಬನು ತಾನರಿಯದೆಯೇ ಒಂದು ಸಂಸಾರಕ್ಕೆ ಅನ್ನದ ದಾರಿ ತೋರಿಸಿದಂತಾಯಿತು. ಆ ಹಾಳೆಯನ್ನು ಗೆದ್ದಲಿಗೆ ಬಿಟ್ಟವನು, ಅಥವಾ ನಡುನಡುವೆ ಹೆಸರನ್ನು ಬಿಟ್ಟು ಬರೆದವನು, ಯಾರನ್ನೂ ಹೊಡೆಯದೆ ಬಡಿಯದೆ ಒಂದು ಜೀವನವನ್ನೇ ಕಸಿದುಕೊಂಡಂತಾಯಿತು.

ಮುಂದೆ 2006ರ ಏಪ್ರಿಲ್ 10ರಂದು ಉಮಾದೇವಿ ಪ್ರಕರಣವೆಂದು ಪ್ರಸಿದ್ಧವಾದ ಇನ್ನೊಂದು ಕರ್ನಾಟಕದ ಮೊಕದ್ದಮೆಯಲ್ಲಿ ಐವರು ನ್ಯಾಯಾಧೀಶರ ಸಂವಿಧಾನ ಪೀಠವು ಈ ಬಾಗಿಲನ್ನು ಬಹುಮಟ್ಟಿಗೆ ಮುಚ್ಚಿತು. ನಿಯಮದಂತೆ ನೇಮಕವಾಗದವರು ಬಹುಕಾಲ ದುಡಿದ ಮಾತ್ರಕ್ಕೆ ಖಾಯಂ ಹುದ್ದೆಯ ಹಕ್ಕನ್ನು ಪಡೆಯಲಾರರು ಎಂದಿತು. ಮಂಜೂರಾದ ಹುದ್ದೆಯಲ್ಲಿ, ನ್ಯಾಯಾಲಯದ ಆಜ್ಞೆಯ ಆಸರೆಯಿಲ್ಲದೆ, ಹತ್ತು ವರ್ಷ ಮೀರಿ ದುಡಿದವರ ವಿಷಯವನ್ನು ಒಂದು ಸಲಕ್ಕೆ ಮಾತ್ರ ಪರಿಶೀಲಿಸಬಹುದೆಂದು ಅವಕಾಶವಿತ್ತಿತು. ಆ ಬಳಿಕ ಕರ್ನಾಟಕವು ದಿನಗೂಲಿ ನೌಕರರ ಕ್ಷೇಮಾಭಿವೃದ್ಧಿಗಾಗಿ 2012ರ ಕಾಯ್ದೆಯನ್ನು ತಂದಿತು. ಬಾಗಿಲು ತೆರೆದಾಗಲೂ ಮುಚ್ಚಿದಾಗಲೂ ಕೇಳಿದ ಪ್ರಶ್ನೆ ಒಂದೇ: ದಾಖಲೆ ಎಲ್ಲಿ?

ನಡುವೆ ನಿಂತ ಗುತ್ತಿಗೆದಾರ

ಇಲಾಖೆಯ ದಿನಗೂಲಿಗೆ ಕನಿಷ್ಠಪಕ್ಷ ಇಲಾಖೆಯ ಮಸ್ಟರ್ ರೋಲಿನಲ್ಲಿ ಹೆಸರಾದರೂ ಇತ್ತು. ಗುತ್ತಿಗೆಯ ಕೂಲಿಗೆ ಅದೂ ಇಲ್ಲ. ಕೆಲಸ ಒಬ್ಬರದು, ಕರೆತಂದವನು ಇನ್ನೊಬ್ಬ. ಕೂಲಿ ಬಾಕಿಯಾದಾಗ ಮಾಲೀಕನು ಗುತ್ತಿಗೆದಾರನತ್ತ ಕೈ ತೋರಿಸುತ್ತಾನೆ; ಗುತ್ತಿಗೆದಾರನು ಮೇಸ್ತ್ರಿಯತ್ತ ಕೈ ತೋರಿಸುತ್ತಾನೆ; ಮೇಸ್ತ್ರಿಯು ಊರು ಬಿಟ್ಟಿರುತ್ತಾನೆ. ಈ ಜಾರಿಕೆಯನ್ನು ತಡೆಯುವುದಕ್ಕಾಗಿಯೇ ಸಂಸತ್ತು 1970ರಲ್ಲಿ ಗುತ್ತಿಗೆ ಕಾರ್ಮಿಕರ ನಿಯಂತ್ರಣ ಮತ್ತು ನಿಷೇಧ ಕಾಯ್ದೆಯನ್ನು ಮಾಡಿತು. 1971ರ ಫೆಬ್ರುವರಿ 10ರಿಂದ ಅದು ಜಾರಿಗೆ ಬಂದಿತು.

20 ಅಥವಾ ಹೆಚ್ಚು ಮಂದಿ ಗುತ್ತಿಗೆ ಕಾರ್ಮಿಕರು ದುಡಿಯುವ ಸಂಸ್ಥೆಗಳಿಗೆ ಆ ಕಾಯ್ದೆ ಅನ್ವಯಿಸುತ್ತಿತ್ತು. ಕೆಲಸ ಮಾಡಿಸುವ ಪ್ರಧಾನ ಮಾಲೀಕನು ನೋಂದಣಿ ಮಾಡಿಸಬೇಕು. ಗುತ್ತಿಗೆದಾರನು ಪರವಾನಗಿ ಪಡೆಯಬೇಕು. ಗುತ್ತಿಗೆದಾರರ ಪಟ್ಟಿ ಮಾಲೀಕನಲ್ಲಿರಬೇಕು. ಕಾರ್ಮಿಕರ ಹೆಸರಿನ ಪುಸ್ತಕ, ಹಾಜರಿ, ಕೂಲಿ, ಮುಂಗಡ, ದಂಡ, ಕಡಿತ, ಹೆಚ್ಚುವರಿ ವೇಳೆಯ ಕೆಲಸ ಇವಕ್ಕೆಲ್ಲ ಬೇರೆ ಬೇರೆ ಪುಸ್ತಕಗಳು ಗುತ್ತಿಗೆದಾರನಲ್ಲಿರಬೇಕು. ಪ್ರತಿ ಕಾರ್ಮಿಕನ ಕೈಗೆ ಉದ್ಯೋಗದ ಚೀಟಿ ಸೇರಬೇಕು. ಕೊನೆಯ ಬರಹದ ದಿನದಿಂದ ಮೂರು ವರ್ಷ ಆ ಪುಸ್ತಕಗಳನ್ನು ಕಾಪಾಡಬೇಕೆಂದು ಕೇಂದ್ರದ ನಿಯಮಗಳು ಹೇಳಿದವು.

ಇವುಗಳಲ್ಲಿ ಎರಡು ವಿಧಿಗಳು ಕಾಯ್ದೆಯ ಜೀವನಾಡಿಗಳಾಗಿದ್ದವು. ಬಟವಾಡೆಯ ಹೊತ್ತಿನಲ್ಲಿ ಪ್ರಧಾನ ಮಾಲೀಕನ ಪ್ರತಿನಿಧಿಯೊಬ್ಬನು ಎದುರಿಗೆ ನಿಂತು, ಕೂಲಿ ಕೈಸೇರಿದ್ದನ್ನು ಕಂಡು, ಪುಸ್ತಕದಲ್ಲಿ ಸಹಿ ಮಾಡಬೇಕು ಎಂಬುದು ಒಂದು. ಗುತ್ತಿಗೆದಾರನು ಕೊಡದಿದ್ದರೆ, ಅಥವಾ ಕಡಿಮೆ ಕೊಟ್ಟರೆ, ಮಾಲೀಕನೇ ಕೊಟ್ಟು ಅನಂತರ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬೇಕು ಎಂಬುದು ಇನ್ನೊಂದು. ಎಂದರೆ, ಕೆಲಸವನ್ನು ಗುತ್ತಿಗೆಗೆ ಕೊಡಬಹುದು. ಹೊಣೆಯನ್ನು ಗುತ್ತಿಗೆಗೆ ಕೊಡಲಾಗದು.

ಎದುರಿಗೆ ನಿಲ್ಲಬೇಕೆಂಬ ವಿಧಿ ಏಕೆ ಅಗತ್ಯವಾಯಿತೆಂಬುದನ್ನು 1982ರ ದಿಲ್ಲಿಯ ಏಷ್ಯನ್ ಕ್ರೀಡಾಕೂಟದ ಪ್ರಕರಣವು ತೋರಿಸಿಕೊಟ್ಟಿತು. ಕ್ರೀಡಾಂಗಣಗಳನ್ನು ಕಟ್ಟುತ್ತಿದ್ದ ಕಾರ್ಮಿಕರಿಗೆ ದಿನಕ್ಕೆ 9 ರೂಪಾಯಿ 25 ಪೈಸೆಯ ಕನಿಷ್ಠ ಕೂಲಿ ಸಲ್ಲಬೇಕಿತ್ತು. ಕೂಲಿಯು ಜಮಾದಾರರ ಕೈಯಿಂದ ಹಾದು ಬರುತ್ತಿದ್ದುದರಿಂದ ತಲೆಗೊಂದು ರೂಪಾಯಿ ಅವರ ಕಿಸೆಯಲ್ಲಿ ಉಳಿದು, ಕಾರ್ಮಿಕನ ಕೈಗೆ 8 ರೂಪಾಯಿ 25 ಪೈಸೆ ಬರುತ್ತಿತ್ತು. ನ್ಯಾಯಮೂರ್ತಿ ಪಿ.ಎನ್. ಭಗವತಿಯವರು ಬರೆದ ತೀರ್ಪಿನಲ್ಲಿ ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದು ಸಂವಿಧಾನದ 23ನೆಯ ವಿಧಿಯು ನಿಷೇಧಿಸಿರುವ ಬಲವಂತದ ದುಡಿಮೆಯೇ ಎಂದು ಸ್ಪಷ್ಟವಾಯಿತು. ಕಣ್ಣೆದುರು ಬಟವಾಡೆಯಾದರೆ ಆ ಒಂದು ರೂಪಾಯಿಗೆ ಜಾರಿಹೋಗಲು ಎಡೆಯಿರುವುದಿಲ್ಲ.

ಮುಂಗಡದ ಪುಸ್ತಕಕ್ಕೂ ಇಂಥದೇ ಹಿನ್ನೆಲೆಯಿದೆ. ಮದುವೆಗೆ, ಕಾಯಿಲೆಗೆ ಕೊಟ್ಟ ಮುಂಗಡವು ಬರಹದಲ್ಲಿರದಿದ್ದರೆ ಅದು ಎಂದಿಗೂ ತೀರದು. ತೀರದ ಮುಂಗಡವೇ ಜೀತದ ಬೇರು. 1975ರ ಅಕ್ಟೋಬರ್ 25ರಿಂದ ಜೀತಪದ್ಧತಿಯು ರದ್ದಾಯಿತು. ಅದಕ್ಕಾಗಿ ಬಂದ 1976ರ ಕಾಯ್ದೆಯಲ್ಲಿ, ಒಂದು ಸಾಲವು ಜೀತದ ಸಾಲವೆಂದು ಕಾರ್ಮಿಕನು ಹೇಳಿದರೆ ಹಾಗಲ್ಲವೆಂದು ಸಿದ್ಧಪಡಿಸುವ ಭಾರವನ್ನು ಸಾಲ ಕೊಟ್ಟವನ ಮೇಲೆ ಹೊರಿಸಲಾಯಿತು. ಬಡವನಿಗೆ ಉಪಕಾರ ಮಾಡಿದೆನೆಂದು ನಂಬಿರುವ ಮಾಲೀಕನು ಬರೆದಿಡದಿದ್ದರೆ, ಅವನ ಉಪಕಾರವೂ ಕಾನೂನಿನ ಕಣ್ಣಿಗೆ ಬಂಧನದಂತೆ ಕಾಣಬಹುದು.

ಪುಸ್ತಕವೂ ಸುಳ್ಳಾಡಬಲ್ಲುದು

ಪುಸ್ತಕಗಳು ಹೆಚ್ಚಿದ ಮಾತ್ರಕ್ಕೆ ನ್ಯಾಯವು ಹೆಚ್ಚುವುದೆಂದು ಭ್ರಮಿಸಬೇಕಾಗಿಲ್ಲ. 1930ರಲ್ಲಿ ಕೋಲಾರದ ಚಿನ್ನದ ಗಣಿಗಳಲ್ಲಿ ನಡೆದ ದೊಡ್ಡ ಮುಷ್ಕರವು ಹೆಬ್ಬೆಟ್ಟಿನ ಗುರುತು ಪಡೆದು ಕಾರ್ಮಿಕರನ್ನು ನೋಂದಾಯಿಸುವ ಹೊಸ ಕ್ರಮವನ್ನು ವಿರೋಧಿಸಿಯೇ ಎದ್ದಿತು. ಅಲ್ಲಿ ದಾಖಲೆಯು ಕಾರ್ಮಿಕನ ಕೂಲಿಯನ್ನು ಕಾಯುವ ಸಾಧನವಾಗಿ ಅಲ್ಲ, ಅವನನ್ನೇ ಕಾಯುವ ಕಾವಲಾಗಿ ಅವನಿಗೆ ತೋರಿತು. ಬರೆಯುವವನ ಉದ್ದೇಶವೇನು, ಬರೆದದ್ದನ್ನು ನೋಡುವ ಹಕ್ಕು ಯಾರಿಗಿದೆ ಎಂಬುದರ ಮೇಲೆ ಪುಸ್ತಕದ ಗುಣವು ನಿಂತಿದೆ.

ರಾಜಸ್ಥಾನದಲ್ಲಿ 1994ರ ಡಿಸೆಂಬರಿನಲ್ಲಿ ನಡೆದ ಘಟನೆಯೊಂದು ಇದನ್ನು ಇನ್ನೊಂದು ಬಗೆಯಲ್ಲಿ ಬೆಳಕಿಗೆ ತಂದಿತು. ಪಾಲಿ ಜಿಲ್ಲೆಯ ಕೋಟ್ ಕಿರಾನಾ ಎಂಬ ಗ್ರಾಮದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯು ಸರ್ಕಾರಿ ಕಾಮಗಾರಿಯ ಮಸ್ಟರ್ ರೋಲುಗಳನ್ನು ಊರ ಜನರ ನಡುವೆ ಗಟ್ಟಿಯಾಗಿ ಓದಿಸಿತು. ಕೆಲಸಕ್ಕೆ ಹೋಗದವರ ಹೆಸರುಗಳು ಪಟ್ಟಿಯಲ್ಲಿದ್ದವು. ಲೆಕ್ಕ ಪರಿಶೋಧಕನು ಕಾಣದ ತಪ್ಪನ್ನು ಓದಲು ಬಾರದ ಹಳ್ಳಿಯ ಹೆಂಗಸು ಕೇಳಿದೊಡನೆ ಕಂಡುಹಿಡಿದಳು. ಏಕೆಂದರೆ ಯಾರು ಕೆಲಸಕ್ಕೆ ಬಂದಿದ್ದರೆಂಬುದನ್ನು ಅವಳು ಬಲ್ಲಳು. ಅಲ್ಲಿಂದ ಬೆಳೆದ ಚಳವಳಿಯೇ 2005ರ ಮಾಹಿತಿ ಹಕ್ಕಿನ ಕಾಯ್ದೆಗೆ ಬಲವಾದ ಪ್ರೇರಣೆಯಾಯಿತು.

ಸುಳ್ಳು ದಾಖಲೆಯು ಒಪ್ಪಂದದ ರೂಪದಲ್ಲೂ ಇರಬಲ್ಲುದು. ಮಾಲೀಕನೇ ಕೆಲಸಕ್ಕಿಟ್ಟು, ತಾನೇ ಮೇಲ್ವಿಚಾರಣೆ ನಡೆಸಿ, ಕಾಗದದ ಮೇಲೆ ಮಾತ್ರ ಗುತ್ತಿಗೆದಾರನೊಬ್ಬನನ್ನು ನಿಲ್ಲಿಸುವ ಪದ್ಧತಿ ಹೊಸದಲ್ಲ. ಗುತ್ತಿಗೆ ನಿಷೇಧವಾದೊಡನೆ ಕಾರ್ಮಿಕರು ತಾವಾಗಿಯೇ ಮಾಲೀಕನ ನೌಕರರಾಗುತ್ತಾರೆಂದು 1996ರ ಏರ್ ಇಂಡಿಯಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿತ್ತು. 2001ರ ಆಗಸ್ಟ್ 30ರ ಉಕ್ಕು ಪ್ರಾಧಿಕಾರದ ತೀರ್ಪು ಅದನ್ನು ತಳ್ಳಿಹಾಕಿತು. ಆದರೂ ಗುತ್ತಿಗೆಯು ಬರಿಯ ಮುಸುಕೆಂದು ಕಂಡುಬಂದರೆ ಅವರು ಮಾಲೀಕನ ನೌಕರರೇ ಎಂಬ ಮಾತನ್ನು ಅದು ಉಳಿಸಿತು. ಮುಸುಕನ್ನು ಸರಿಸಿ ನೋಡುವಾಗ ನೆರವಾಗುವುದು ನಡೆಯಿಂದಲೇ ಹುಟ್ಟಿದ ನಿತ್ಯದ ಬರಹಗಳು.

ಅತಿಚಾರಗಳ ಪಟ್ಟಿಯಲ್ಲಿ

ಶ್ರಾವಕನ ವ್ರತಗಳಿಗೆ ತಗಲುವ ದೋಷಗಳನ್ನು ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಏಳನೆಯ ಅಧ್ಯಾಯದಲ್ಲಿ ಎಣಿಸುತ್ತದೆ. ಗುತ್ತಿಗೆ ಕಾಯ್ದೆಯನ್ನು ಓದಿದವನು ಆ ಅಧ್ಯಾಯಕ್ಕೆ ಬಂದರೆ ಹಲವು ಹೆಸರುಗಳು ಪರಿಚಿತವೆನಿಸುತ್ತವೆ. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಮಿತಿಮೀರಿ ಭಾರ ಹೊರಿಸುವ ಅತಿಭಾರಾರೋಪಣವೂ, ಅನ್ನನೀರುಗಳನ್ನು ತಡೆಯುವ ಅನ್ನಪಾನನಿರೋಧವೂ ಇವೆ. ಸತ್ಯಾಣುವ್ರತದ ಅತಿಚಾರಗಳಲ್ಲಿ ಸುಳ್ಳು ಬರಹವಾದ ಕೂಟಲೇಖಕ್ರಿಯೆಯೂ, ಇಟ್ಟ ಇಡುಗಂಟನ್ನು ನುಂಗುವ ನ್ಯಾಸಾಪಹಾರವೂ ಇವೆ. ಅಚೌರ್ಯಾಣುವ್ರತದಲ್ಲಿ ಅಳತೆತೂಕಗಳ ಮೋಸದ ಜೊತೆಗೆ ರಾಜ್ಯದ ಕಟ್ಟಳೆಯನ್ನು ಮೀರುವ ವಿರುದ್ಧರಾಜ್ಯಾತಿಕ್ರಮವೂ ಎಣಿಕೆಯಾಗಿದೆ.

ಹೆಚ್ಚು ಹೊತ್ತು ದುಡಿಸಿ ಹೆಚ್ಚುವರಿ ವೇಳೆಯ ಪುಸ್ತಕದಲ್ಲಿ ಬರೆಯದಿರುವುದು ಅತಿಭಾರಾರೋಪಣವಲ್ಲವೆ? ಶನಿವಾರದ ಬಟವಾಡೆಯನ್ನು ತಿಂಗಳುಗಟ್ಟಲೆ ಮುಂದೂಡುವುದು ಅನ್ನಪಾನನಿರೋಧವಲ್ಲವೆ? ಬರಿಯ ಹಾಳೆಗೆ ಹೆಬ್ಬೆಟ್ಟು ಒತ್ತಿಸಿಕೊಂಡು ಅಂಕಿಯನ್ನು ಅನಂತರ ತುಂಬುವುದು ಕೂಟಲೇಖವಲ್ಲದೆ ಮತ್ತೇನು? ಭವಿಷ್ಯನಿಧಿಗೆಂದು ಕೂಲಿಯಿಂದ ಕಡಿದ ಹಣವನ್ನು ಕಟ್ಟದಿರುವುದು ಇನ್ನೊಬ್ಬನ ಇಡುಗಂಟಿಗೆ ಕೈಹಾಕಿದಂತೆ. ವ್ಯಾಪಾರಿ ಮನೆತನಗಳು ತಲೆತಲಾಂತರದಿಂದ ಕಿರ್ದಿ ಖತಾವಣಿಗಳನ್ನು ಪೂಜಿಸಿ ಬರೆದವು. ಆ ವಹಿಯಲ್ಲಿ ಬರಬೇಕಾದ ಹಣವು ಕಾಸು ಬಿಡದೆ ದಾಖಲಾಗುತ್ತಿತ್ತು. ಅಂಥ ಮನೆಯ ಪುಸ್ತಕದಲ್ಲಿ ಕೂಲಿಯವನಿಗೆ ಸಲ್ಲಬೇಕಾದ ಹಣವು ಮಾತ್ರ ನೆನಪಿನ ಮೇಲೆ ನಿಂತರೆ, ಪೂಜೆಗೊಂಡದ್ದು ಅರ್ಧ ಸತ್ಯವಷ್ಟೇ.

ಹೊಸ ಸಂಹಿತೆ, ಹಳೆಯ ಹೊಣೆ

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. 1970ರ ಕಾಯ್ದೆಯ ಸ್ಥಾನದಲ್ಲಿ ಈಗ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ದುಡಿಮೆಯ ಸ್ಥಿತಿಗತಿಗಳ ಸಂಹಿತೆಯು ನಿಂತಿದೆ. ಗುತ್ತಿಗೆ ಕಾರ್ಮಿಕರ ಅಧ್ಯಾಯವು ಅನ್ವಯಿಸುವ ಮಿತಿಯು 20ರಿಂದ 50ಕ್ಕೆ ಏರಿದೆ. ಪುಸ್ತಕಗಳನ್ನು ಗಣಕಯಂತ್ರದಲ್ಲಿ ಇರಿಸಬಹುದಾಗಿದೆ. ಗುತ್ತಿಗೆದಾರನು ತಪ್ಪಿದರೆ ಕೂಲಿ ಕೊಡುವ ಹೊಣೆ ಪ್ರಧಾನ ಮಾಲೀಕನದೇ ಎಂಬ ಹಳೆಯ ತತ್ತ್ವವು ಮಾತ್ರ ಹಾಗೆಯೇ ಉಳಿದಿದೆ.

ಹಾನಗಲ್ಲು ಸವಣೂರುಗಳಂಥ ಊರಿನಲ್ಲಿ ಒಂದು ಬಸದಿಯ ಮಾಳಿಗೆಯನ್ನು ದುರಸ್ತಿ ಮಾಡಿಸುವಾಗ, ಒಂದು ಯಾತ್ರಿನಿವಾಸವನ್ನು ಕಟ್ಟಿಸುವಾಗ 50 ಮಂದಿ ಸೇರುವುದು ಅಪರೂಪ. ಎಂಟು ಜನ ಗೌಂಡಿಗಳು, ಹತ್ತು ಜನ ಕೂಲಿಯವರು, ನಾಲ್ವರು ಕಲ್ಲುಕುಟಿಗರು, ಅಷ್ಟೇ. ಹಾಗಾದರೆ ಹೊಣೆ ಕಳೆಯಿತೆ? ಕನಿಷ್ಠ ಕೂಲಿಯ ವಿಧಿಗೆ ತಲೆಯೆಣಿಕೆಯ ಮಿತಿಯಿಲ್ಲ. 10 ಅಥವಾ ಹೆಚ್ಚು ಮಂದಿಯಿರುವ ಕಟ್ಟಡ ಕೆಲಸಗಳ ಬಗೆಗೆ 1996ರಲ್ಲೇ ಪ್ರತ್ಯೇಕ ಕಾನೂನು ಬಂದು, ಕಟ್ಟಡದ ವೆಚ್ಚದ ಮೇಲೆ ಕಾರ್ಮಿಕ ಕಲ್ಯಾಣದ ಸುಂಕವನ್ನು ವಿಧಿಸಲಾಗಿತ್ತು. ಆ ಸುಂಕವು ಹೊಸ ಸಂಹಿತೆಗಳಲ್ಲೂ ಮುಂದುವರಿದಿದೆ. ಧಾರ್ಮಿಕ ಸಂಸ್ಥೆಯೆಂಬ ಹೆಸರೂ ತಾನಾಗಿಯೇ ರಕ್ಷಣೆಯಾಗದು. 1978ರ ಬೆಂಗಳೂರು ನೀರು ಸರಬರಾಜು ಮಂಡಳಿಯ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ‘ಉದ್ಯಮ’ ಎಂಬ ಪದಕ್ಕೆ ವಿಶಾಲವಾದ ಅರ್ಥವಿತ್ತು, ದತ್ತಿ ಸಂಸ್ಥೆಗಳು ಕೇವಲ ಲಾಭದ ಉದ್ದೇಶವಿಲ್ಲವೆಂಬ ಕಾರಣದಿಂದ ಅದರ ಹೊರಗುಳಿಯಲಾರವೆಂದಿತು. ಆ ಅರ್ಥವನ್ನು ಮರಳಿ ಪರಿಶೀಲಿಸಬೇಕೆಂದು 2005ರಲ್ಲಿ ಅದೇ ನ್ಯಾಯಾಲಯದ ಪೀಠವೊಂದು ಸೂಚಿಸಿದ್ದೂ ಉಂಟು. ಆದರೆ ಸಂಸ್ಥೆಯ ಧರ್ಮವು ವ್ಯಾಖ್ಯೆಯ ತೀರ್ಮಾನಕ್ಕಾಗಿ ಕಾಯಬೇಕಾದ್ದಿಲ್ಲ.

ಟ್ರಸ್ಟಿನ ವಾರ್ಷಿಕ ಲೆಕ್ಕದಲ್ಲಿ ‘ಜೀರ್ಣೋದ್ಧಾರದ ಬಾಬ್ತು ಗುತ್ತಿಗೆದಾರರಿಗೆ ಪಾವತಿ’ ಎಂಬ ಒಂದೇ ಸಾಲಿನಿಂದ ಸಾಮಾನ್ಯವಾಗಿ ವಿಷಯವು ಮುಗಿಯುತ್ತದೆ. ಆ ಸಾಲಿನ ಹಿಂದೆ ಇರಬೇಕಾದ ಕಾಗದಗಳು ಹೆಚ್ಚೇನಲ್ಲ. ಕೂಲಿಯ ದರ, ಬಟವಾಡೆಯ ದಿನ, ಅಪಘಾತದ ಹೊಣೆಗಳನ್ನು ಸ್ಪಷ್ಟವಾಗಿ ಹೇಳುವ ಕನ್ನಡದ ಕರಾರುಪತ್ರ, ಕೆಲಸಕ್ಕೆ ಬಂದ ಪ್ರತಿಯೊಬ್ಬರ ಹೆಸರು, ಊರು, ವಯಸ್ಸು, ಮನೆಯವರ ವಿವರ, ಬೆಳಿಗ್ಗೆಯೇ ಬರೆದ ಹಾಜರಿ, ಗಂಡು ಹೆಣ್ಣೆಂಬ ಭೇದವಿಲ್ಲದೆ ಸಮಾನ ಕೆಲಸಕ್ಕೆ ಸಮಾನವಾಗಿ ಕೊಟ್ಟ ಕೂಲಿಯ ಪಟ್ಟಿ, ಮುಂಗಡದ ಲೆಕ್ಕ, ಬಟವಾಡೆಯ ಹೊತ್ತಿಗೆ ಎದುರಿಗಿದ್ದ ಟ್ರಸ್ಟಿಯೊಬ್ಬರ ಸಹಿ. ಕೂಲಿ ಸಂದಾಯವಾದ ಚೀಟಿಯನ್ನು ಗುತ್ತಿಗೆದಾರನು ತೋರಿಸಿದ ಮೇಲೆಯೇ ಅವನ ಮುಂದಿನ ಕಂತನ್ನು ಬಿಡುಗಡೆ ಮಾಡುವ ಪದ್ಧತಿಯಿಟ್ಟರೆ ಅರ್ಧದಷ್ಟು ವ್ಯಾಜ್ಯಗಳು ಹುಟ್ಟುವುದೇ ಇಲ್ಲ. ಹಾಜರಿಯನ್ನು ವಾರಕ್ಕೊಮ್ಮೆ ಕೆಲಸಗಾರರ ಎದುರಿಗೆ ಓದಿ ಹೇಳಿದರೆ ಪುಸ್ತಕವು ಸುಳ್ಳಾಡುವುದಕ್ಕೆ ಅವಕಾಶವಿರದು.

ಇದರಿಂದ ಖರ್ಚು ಹೆಚ್ಚುತ್ತದೆಂಬ ಆಕ್ಷೇಪವು ಸಹಜ. ಹೆಚ್ಚುವುದು ದಿಟ. ಕಡಿಮೆ ದರ ಕೂಗಿದ ಗುತ್ತಿಗೆದಾರನು ಆ ಕಡಿಮೆಯನ್ನು ಕಲ್ಲಿನಿಂದಲೋ ಸಿಮೆಂಟಿನಿಂದಲೋ ಕೂಲಿಯಿಂದಲೋ ತೆಗೆಯಲೇಬೇಕು. ಮೊದಲೆರಡರಲ್ಲಿ ತೆಗೆದರೆ ಕಟ್ಟಡವು ಬಿರುಕು ಬಿಟ್ಟು ಹೇಳುತ್ತದೆ. ಮೂರನೆಯದರಲ್ಲಿ ತೆಗೆದರೆ ಹೇಳುವವರಿಲ್ಲ. ಆ ಮೂರನೆಯದನ್ನು ಹೇಳುವುದಕ್ಕಾಗಿಯೇ ಹಾಜರಿ ಪುಸ್ತಕವಿರುವುದು.

ಬಸದಿಯ ಬಾಗಿಲಲ್ಲಿ ದಾನಿಗಳ ಹೆಸರಿನ ಅಮೃತಶಿಲೆಯ ಫಲಕವನ್ನು ನಿಲ್ಲಿಸುವುದು ವಾಡಿಕೆ. ಅದರಲ್ಲಿ ತಪ್ಪೇನೂ ಇಲ್ಲ. ಅದೇ ಟ್ರಸ್ಟಿನ ಕಪಾಟಿನಲ್ಲಿ ಆ ಕಲ್ಲು ಹೊತ್ತವರ ಹೆಸರಿನ ಪುಸ್ತಕವೂ ಇದ್ದು, ಅದರ ಒಂದೊಂದು ಹೆಸರಿನ ಮುಂದೆಯೂ ಪೂರ್ತಿ ಕೂಲಿ ಸಂದ ಗುರುತಿದ್ದರೆ, ಬಂಕಾಪುರದ ಕಂಬಗಳು ಹೇಳಲಾರದೆ ಹೋದದ್ದನ್ನು ಮುಂದಿನ ತಲೆಮಾರಿಗೆ ಹೇಳುವ ಒಂದು ದಾಖಲೆಯಾದರೂ ಈ ನಾಡಿನಲ್ಲಿ ಉಳಿದೀತು.